ಕಾಫಿಯಲ್ಲಿ ರೀಲು ತೊಳೆದ ಮೇಡಂ

ಇನ್‌ಸ್ಟಂಟ್ ಕಾಫಿಪುಡಿಯನ್ನು ಬಟ್ಟೆ ಸೋಡಾದ ನೀರಿಗೆ ಸುರಿದರೆ ಒಂದು ವಾಸನೆ ಏಳುತ್ತದೆ. ದನಕ್ಕೆ ಹಾಕುವ ಹಸಿ ಜೋಳದ ಕಣಕಿಯನ್ನು ಗೋಣಿಚೀಲದಲ್ಲಿ ಕಟ್ಟಿಟ್ಟು ಮರೆತುಬಿಟ್ಟರೆ ಬರುವಂಥ ವಾಸನೆ. ಮಸ್ಕಿಯ ಒಂದು ಅಡುಗೆಮನೆಯಲ್ಲಿ ಅದನ್ನು ನಾನು ಎಷ್ಟೋ ಭಾನುವಾರ ಸಹಿಸಿದ್ದೇನೆ. ಈ ಸಲ ಶ್ರಾವಣದಲ್ಲಿ ಪಾಮನಕಲ್ಲೂರಿನಿಂದ ಆ ಮನೆಯ ಮೇಡಂ ಅವರ ತಮ್ಮ ಫೋನ್ ಮಾಡಿ, "ಅಕ್ಕ ಹೋಗಿಬಿಟ್ಲುರಿ ಮೇಡಂ, ಹೊತ್ತು ಮುಣುಗೋದ್ರಾಗ ಮಣ್ಣು ಮಾಡ್ತೀವಿ" ಎಂದಾಗ ಅವರ ಮುಖಕ್ಕಿಂತ ಮೊದಲು ನನಗೆ ನೆನಪಾದದ್ದು ಆ ವಾಸನೆ. ಫೋನ್ ಕಿವಿಗೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ನಿಂತಿದ್ದೆ. ಯಾಕೆ ಅಲ್ಲಿಗೆ ಹೋದೆನೋ ನನಗೇ ತಿಳಿಯದು.

ಅವರು ಲಿಂಗಸುಗೂರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದರು. ನಾನು ಅದೇ ಕಾಲೇಜಿನಲ್ಲಿ ಕನ್ನಡ. ನಾನು ಸಿಂಧನೂರಿನಲ್ಲಿ ಬಸ್ ಹತ್ತುತ್ತಿದ್ದೆ, ಅವರು ಮಸ್ಕಿಯಲ್ಲಿ. ನನ್ನ ಪಕ್ಕದ ಸೀಟಿಗೆ ಊಟದ ಚೀಲ ಇಟ್ಟು ಅವರಿಗಾಗಿ ಜಾಗ ಕಾಯುವುದು ನನ್ನ ಕೆಲಸ. ಬಸ್ ಎಷ್ಟೇ ತುಂಬಿರಲಿ, ಅವರು ಹತ್ತಿದ ಕೂಡಲೇ ಬಾಗಿಲಿನಿಂದಲೇ, "ತಂಗಿ, ಎಲ್ಲಿ ಅದಿ?" ಎಂದು ಕೂಗುತ್ತಿದ್ದರು. ಸೇರಿದ ಹೊಸದರಲ್ಲಿ ನನಗೆ ಇದು ಮುಜುಗರ. ನಾನು ಎದುರಿಗೇ ಕೂತಿದ್ದರೂ ಯಾಕೆ ಕೂಗುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರಿಗೆ ಬಸ್ಸಿನ ಒಳಗಿನ ಮಬ್ಬಿನಲ್ಲಿ ನಾನು ಕಾಣುತ್ತಿರಲಿಲ್ಲ ಎಂಬುದು ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು.

ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಗಂಡಸರ ಕೈಗಡಿಯಾರ. ಮಾತು ಖಾರ. ಪ್ರಯೋಗದ ಪರೀಕ್ಷೆಯಲ್ಲಿ ತಡವರಿಸುವ ಹುಡುಗರಿಗೆ, "ನಿನಗ ಕೆಮಿಸ್ಟ್ರಿ ಬರಂಗಿಲ್ಲ ಅಂತಲ್ಲಪಾ, ಅದಕ್ಕ ನೀನು ಬರಂಗಿಲ್ಲ" ಎನ್ನುತ್ತಿದ್ದರು. ಬೈಸಿಕೊಂಡವರೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಚೀಲ ಹೊತ್ತು ಬರುತ್ತಿದ್ದರು. ಬೋರ್ಡಿನ ಮೇಲೆ ಬರೆಯುವಾಗ ಎಡಗೈಯ ಕಿರುಬೆರಳನ್ನು ಸಾಲಿನ ಕೆಳಗೆ ಒತ್ತಿ ಹಿಡಿದು, ಬಲಗೈ ಮುಂದೆ ಹೋದಂತೆ ಅದನ್ನೂ ಸರಿಸಿಕೊಂಡು ಹೋಗುತ್ತಿದ್ದರು. ಹುಡುಗರು ಅದನ್ನೊಂದು ಶೈಲಿ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಚಳಿಗಾಲದ ಸಂಜೆ ಬಸ್ ಕೆಟ್ಟು ನಾವು ಮಸ್ಕಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಇಳಿಯುವ ಮುಂಚೆ ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡರು.

"ಇವತ್ತು ಜರಾ ಮನೀತನಕ ಬಾ ತಂಗಿ. ನನಗ ಕತ್ತಲಾದ್ರ ಕಾಣಂಗಿಲ್ಲ."

"ಯಾವಾಗಿಂದ್ರಿ ಅಕ್ಕಾರ?"

"ಸಣ್ಣಾಕಿ ಇದ್ದಾಗಿಂದ ಇರುಳಗುರುಡು ಇತ್ತು. ಈಗ ಹಗಲಿಗೂ ಬರಾಕತ್ತೈತಿ. ಕಣ್ಣಿನ ಹಿಂದಿನ ಪರದೆ ಸವೀತೈತಂತ. ರಾಯಚೂರಾಗ ಕೇಳಿದೆ, ಹುಬ್ಬಳ್ಳ್ಯಾಗ ಕೇಳಿದೆ. ಇದಕ್ಕ ಔಷಧ ಇಲ್ಲ ಅಂದ್ರು. ಕಾಲೇಜಿನ್ಯಾಗ ಯಾರಿಗೂ ಹೇಳಬ್ಯಾಡ."

ಆ ಸಂಜೆ ಮೊದಲ ಸಲ ಅವರ ಮನೆ ನೋಡಿದೆ. ಎರಡು ಕೋಣೆ, ಮುಂದೊಂದು ಕಟ್ಟೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ದೇವರ ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿ ಒಂದು ಹಳೆಯ ಕ್ಯಾಮೆರಾ, ಅದರ ಮಗ್ಗುಲಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ. ಅದೇನೆಂದು ಕೇಳಿದೆ.

"ಅದು ನಮ್ಮ ಮನಿಯವರ ಕೊನೀ ರೀಲು. ಇನ್ನೂ ತೊಳದಿಲ್ಲ."

ಅವರ ಯಜಮಾನರು ಮಸ್ಕಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟ್ರು. ಊರೆಲ್ಲ ಮೊಬೈಲಿಗೆ ಬಂದ ಮೇಲೂ ಆ ಮನುಷ್ಯ ಕಪ್ಪುಬಿಳುಪು ರೀಲನ್ನೇ ಅಂಚೆಯಲ್ಲಿ ತರಿಸಿಕೊಂಡು ಫೋಟೋ ತೆಗೆಯುತ್ತಿದ್ದರಂತೆ. ಗಂಡಹೆಂಡತಿ ಇಬ್ಬರೂ ಕೂಡಿ ಕೊನೆಗೆ ಹೋದದ್ದು ಮುದಗಲ್ ಕೋಟೆಗೆ. ಹೋಗಿ ಬಂದ ಸಂಜೆ ರೀಲನ್ನು ಸುತ್ತಿ ಡಬ್ಬಿಗೆ ಹಾಕಿಟ್ಟಿದ್ದರು. ಆ ವಾರ ದಾಟುವುದರೊಳಗೆ ಶಾಲೆಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ದುಃಖ ಸ್ವಲ್ಪ ಹಗುರಾದ ಮೇಲೆ ಅವರು ಆ ಡಬ್ಬಿ ಹಿಡಿದುಕೊಂಡು ಲಿಂಗಸುಗೂರಿನ ಸ್ಟುಡಿಯೋಗಳಿಗೆ ಹೋದರು. ಸಿಂಧನೂರಿಗೂ ಬಂದಿದ್ದರು. ಎಲ್ಲ ಕಡೆ ಒಂದೇ ಮಾತು: ಕತ್ತಲ ಕೋಣೆ ಮುಚ್ಚಿ ಬಹಳ ಕಾಲವಾಯಿತು, ದೊಡ್ಡ ಊರಿಗೆ ಕಳಿಸಿ. ಇದ್ದದ್ದೊಂದು ರೀಲನ್ನು ಕೊರಿಯರ್‌ನವರ ಕೈಗೆ ಕೊಡಲು ಅವರಿಗೆ ಧೈರ್ಯವಾಗಲಿಲ್ಲ. "ದಾರ್ಯಾಗ ಕಳಕೊಂಡ್ರ ನಾ ಯಾರ ಕೂಡ ಜಗಳ ಮಾಡ್ಲಿ?" ಎನ್ನುತ್ತಿದ್ದರು. ಸಿಂಧನೂರಿನ ಒಬ್ಬ ವಯಸ್ಸಾದ ಸ್ಟುಡಿಯೋದವರು ಅಟ್ಟದ ಮೇಲಿಂದ ರೀಲು ತೊಳೆಯುವ ಡಬ್ಬಿಯೊಂದನ್ನು ಇಳಿಸಿ, ಧೂಳು ಒರೆಸಿ, "ನೀವು ಕೆಮಿಸ್ಟ್ರಿ ಟೀಚರ್ ಅಂತೀರಿ. ನೀವ ತೊಳೀರಿ" ಎಂದು ಕೊಟ್ಟು ಕಳಿಸಿದರಂತೆ.

ಅಲ್ಲಿಂದ ಶುರುವಾಯಿತು. ಕಾಫಿಯಲ್ಲಿರುವ ಯಾವುದೋ ಆಮ್ಲ ಫಿಲಮ್ಮಿನ ಮೇಲೆ ಬೆಳಕು ಬಿದ್ದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಕಾಲೇಜಿನ ಲ್ಯಾಬಿನಿಂದ ಒಂದು ಚಿಟಿಕೆಯನ್ನೂ ಮನೆಗೆ ಒಯ್ಯುವವರಲ್ಲ. ಕಿರಾಣಿ ಅಂಗಡಿಯಿಂದ ಚಿಕೋರಿ ಬೆರೆಸದ ಕಾಫಿಪುಡಿ, ಬಟ್ಟೆ ಒಗೆಯುವ ಸೋಡಾ, ಮೆಡಿಕಲ್ ಶಾಪಿನಿಂದ ಚಪ್ಪರಿಸುವ ವಿಟಮಿನ್ ಸಿ ಗುಳಿಗೆ. ಗುಳಿಗೆಗಳನ್ನು ಲಟ್ಟಣಿಗೆಯಿಂದ ಅರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಬೇಸಿಗೆಯಲ್ಲಿ ನಮ್ಮ ಕಡೆ ನಲ್ಲಿ ನೀರೇ ಕುದಿಯುತ್ತಿರುತ್ತದೆ, ಅದರಲ್ಲಿ ಫಿಲಮ್ಮು ಹಾಳಾಗುತ್ತದೆ. ಅದಕ್ಕೆ ಮಣ್ಣಿನ ಹರವಿಯಲ್ಲಿ ತಣ್ಣಗಾದ ನೀರು. ಕಾಫಿಯಲ್ಲಿ ಚಿತ್ರ ಮೂಡಿದ ಮೇಲೆ ಅದು ಬೆಳಕಿಗೆ ಕೆಡದಂತೆ ನಿಲ್ಲಿಸಲು ಗಟ್ಟಿ ಉಪ್ಪುನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಹಾಕಬೇಕು. ನಾನು ಮುಚ್ಚಳ ತೆಗೆದು ನೋಡುವ ಆಸೆ ತೋರಿಸಿದರೆ, "ಉಪ್ಪಿನಕಾಯಿಗೆ ಗಡಬಡಿ ಮಾಡಬಾರ್ದು" ಎಂದು ಕೈಮೇಲೆ ಹೊಡೆಯುತ್ತಿದ್ದರು.

ಕತ್ತಲಲ್ಲಿ ಮಾಡಬೇಕಾದ ಕೆಲಸವೆಂದರೆ ರೀಲನ್ನು ಬಿಚ್ಚಿ ತೊಳೆಯುವ ಡಬ್ಬಿಯೊಳಗಿನ ಚಕ್ರಕ್ಕೆ ಸುತ್ತುವುದು. ನಡುಮಧ್ಯಾಹ್ನವೇ ಕಾಳಿನ ಕೋಣೆಯ ಕಿಟಕಿ ಮುಚ್ಚಿ, ದಪ್ಪ ಕೌದಿಗಳನ್ನು ಒಂದರ ಮೇಲೊಂದು ಹೊದ್ದು, ಅದರೊಳಗೆ ಎರಡೂ ಕೈ ತೂರಿಸಿ ಕೂರುತ್ತಿದ್ದರು. ನಾನು ಮಾಡಲು ಹೋದರೆ ಫಿಲಮ್ಮು ಸುಕ್ಕಾಗುತ್ತಿತ್ತು. ಅವರ ಬೆರಳಿಗೆ ಅದು ಹಾವಾಡಿಗನ ಹಾವಿನಂತೆ ಸುತ್ತಿಕೊಳ್ಳುತ್ತಿತ್ತು. "ನಿನಗ ಕಣ್ಣಿನ ಚಟ ಐತಿ ತಂಗಿ. ನನ್ನ ಚಟ ಬಿಡಸಾಕತ್ತಾನ ದೇವರು" ಎನ್ನುತ್ತಿದ್ದರು. ಗಡಿಯಾರದ ಮುಳ್ಳು ಕಾಣುವುದು ನಿಂತ ಮೇಲೆ ಡಬ್ಬಿ ಅಲ್ಲಾಡಿಸಲು ಪಂಚಾಕ್ಷರಿಯ ಲೆಕ್ಕ ಹಿಡಿದರು. ಮೆಲುದನಿಯಲ್ಲಿ ಓಂ ನಮಃ ಶಿವಾಯ ಎನ್ನುತ್ತ ಡಬ್ಬಿಯನ್ನು ಬೋರಲು ಮಾಡುವುದು, ನೆಟ್ಟಗೆ ಮಾಡುವುದು. "ದೇವರ ಹೆಸರು ತಗೊಂಡಂಗೂ ಆತು, ಟೈಮ್ ನೋಡಿದಂಗೂ ಆತು."

ಮೊದಲ ರೀಲುಗಳೆಲ್ಲ ಹಾಳು. ಒಂದು ಪೂರ್ತಿ ಕಪ್ಪು, ಒಂದರ ಮೇಲೆ ಬರೀ ಕಲೆ. ಕಲಿಯಲಿಕ್ಕೆಂದು ಹೊಸ ರೀಲು ತರಿಸಿ, ಅದೇ ಕ್ಯಾಮೆರಾಕ್ಕೆ ಹಾಕಿ ನನ್ನ ಕೈಗೆ ಕೊಡುತ್ತಿದ್ದರು. ಹೀಗೆ ನಾನೂ ಸಿಕ್ಕಸಿಕ್ಕದ್ದರ ಫೋಟೋ ತೆಗೆಯುವವಳಾದೆ. ದಢೇಸುಗೂರು ನನ್ನ ಗಂಡನ ಊರು. ಅಲ್ಲಿ ಕಾಲುವೆ ದಂಡೆಯ ಮೇಲೆ ಎಮ್ಮೆ ಹಿಡಿದು ನಿಂತ ನಮ್ಮ ಅತ್ತೆಯ ಫೋಟೋ ತೆಗೆದಿದ್ದೆ. ಆ ರೀಲು ಮಾತ್ರ ಚೆನ್ನಾಗಿ ಬಂತು. ನೆಗೆಟಿವನ್ನೇ ಒಯ್ದು ಅತ್ತೆಗೆ ಬೆಳಕಿಗೆ ಹಿಡಿದು ತೋರಿಸಿದೆ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು ತಾನೆ. ಅತ್ತೆಯ ಕಪ್ಪು ಮುಖ ಬೆಳ್ಳಗೆ, ಬಿಳಿ ಕೂದಲು ಕರ್ರಗೆ ಕಾಣುತ್ತಿತ್ತು. ಅತ್ತೆ ಬಹಳ ಹೊತ್ತು ನೋಡಿ, "ಮದಿವ್ಯಾಗೂ ನಾ ಇಷ್ಟು ಚಂದ ಇದ್ದಿಲ್ಲ. ಇದನ್ನ ಹಿಂಗ ಇರಾಕ ಬಿಡ್ರಿ" ಎಂದಳು. ಸೋಮವಾರ ಬಸ್ಸಿನಲ್ಲಿ ಇದನ್ನು ಹೇಳಿದಾಗ ಮೇಡಂ ನಕ್ಕ ನಗುವಿಗೆ ಕಂಡಕ್ಟರು ತಿರುಗಿ ನೋಡಿದ. ಅವರು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಕೈ ಪಳಗಿತ್ತು. ರೀಲುಗಳು ಒಂದರ ಹಿಂದೊಂದು ಸರಿಯಾಗಿ ಬರುತ್ತಿದ್ದವು. ಇನ್ನಾದರೂ ಯಜಮಾನರ ರೀಲು ತೊಳೆಯಬಹುದಲ್ಲ ಎಂದರೆ, "ಇನ್ನೊಂದು ಬರಾಬರಿ ಬರ್ಲಿ" ಎನ್ನುವರು. ಅದೂ ಬರುತ್ತಿತ್ತು. ಮತ್ತೆ ಅದೇ ಮಾತು. ಬಿಸಿಲು ಕಾಲ ಮುಗಿಯಲಿ, ಪರೀಕ್ಷೆ ಮುಗಿಯಲಿ, ಮೌಲ್ಯಮಾಪನ ಮುಗಿಯಲಿ. ಈ ಕಡೆ ಅವರ ನೋಟ ಕಿರಿದಾಗುತ್ತ ಹೋಯಿತು. ಎದುರಿಗಿದ್ದದ್ದು ಕೊಳವೆಯೊಳಗಿನಿಂದ ಕಂಡಂತೆ ಕಾಣುವುದು, ಪಕ್ಕದ್ದು ಕಾಣದು ಎನ್ನುತ್ತಿದ್ದರು. ಸ್ಟಾಫ್ ರೂಮಿನ ಕುರ್ಚಿಗಳಿಗೆ ಎಡವುತ್ತಿದ್ದರು. ಹುಡುಗರು ಲ್ಯಾಬಿನಲ್ಲಿ ನೀಲಿ ಬಣ್ಣ ಬಂತೋ ಇಲ್ಲವೋ ತಾವೇ ಹೇಳತೊಡಗಿದರು. ಒಬ್ಬರೂ ಸುಳ್ಳು ಹೇಳಲಿಲ್ಲ, ಅದನ್ನೂ ಬರೆಯಬೇಕು.

ಒಂದು ದಿನ ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿಬಿಟ್ಟೆ.

"ಇನ್ನೂ ತಡ ಮಾಡಿದ್ರ ತೊಳದ್ರೂ ನಿಮಗ ಕಾಣಂಗಿಲ್ರಿ ಅಕ್ಕಾರ. ಯಾಕ ಹಿಂಗ ಮಾಡ್ತೀರಿ?"

ಅವರು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿದ್ದರು. ಹೊರಗೆ ತೊಗರಿ ಹೊಲ.

"ತೊಳದುಬಿಟ್ರ ಮುಗೀತಲ್ಲ ತಂಗಿ. ಆಮ್ಯಾಲ ಅವರದು ನಾ ಇನ್ನೂ ನೋಡದ್ದು ಅಂತ ಏನೂ ಉಳಿಯಂಗಿಲ್ಲ. ಈಗಾದ್ರ ಇನ್ನೂ ಒಂದು ಬಾಕಿ ಐತಿ ಅನ್ನಿಸ್ತೈತಿ."

ನಾನು ಮತ್ತೆ ಕೇಳಲಿಲ್ಲ. ಕೊನೆಗೆ ಅವರೇ, ಆ ರೀಲು ತೊಳೆಯೋಣ ಎಂದರು. ಅಷ್ಟರಲ್ಲಿ ಅವರಿಗೆ ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟು ಇಬ್ಬರೂ ಮಸ್ಕಿಯಲ್ಲಿ ಇಳಿದೆವು. ಅವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಜಗಲಿಯ ಮೇಲಿನ ಡಬ್ಬಿ ತೆಗೆದುಕೊಂಡರು. ಕೌದಿಯೊಳಗೆ ಕೈ ತೂರಿಸಿ ರೀಲನ್ನು ಚಕ್ರಕ್ಕೆ ಸುತ್ತಿದರು. ನಾನು ಗುಳಿಗೆ ಅರೆದೆ, ನೀರು ಅಳೆದೆ. ಪಂಚಾಕ್ಷರಿ ಹೇಳುತ್ತ ಡಬ್ಬಿ ಅಲ್ಲಾಡಿಸಿದರು. ಉಪ್ಪುನೀರಿಗೆ ಹಾಕಿದ ಮೇಲೆ ನನ್ನನ್ನು ಸಿಂಧನೂರಿನ ಬಸ್ಸಿಗೆ ಕಳಿಸುತ್ತ, "ನಾಳೆ ನೀ ಬರೋತನಕ ನಾ ಮುಟ್ಟಂಗಿಲ್ಲ. ನಿನ್ನ ಕಣ್ಣಿಲೇ ನೋಡ್ತೀನಿ" ಎಂದರು.

ಭಾನುವಾರ ಇಳಿಹೊತ್ತಿಗೆ ಹೋದೆ. ಅವರು ಹೊಸ ಸೀರೆ ಉಟ್ಟಿದ್ದರು. ರೀಲನ್ನು ಚಕ್ರದಿಂದ ಬಿಡಿಸಿ, ನೀರಲ್ಲಿ ತೊಳೆದು, ಒಂದು ತುದಿ ತಾವು ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಂಗಳದ ಬೆಳಕಿಗೆ ಎತ್ತಿ ಹಿಡಿದೆ.

ಅದರಲ್ಲಿ ಏನೂ ಇರಲಿಲ್ಲ. ತುದಿಯಿಂದ ತುದಿಗೆ ತಿಳಿ ಚಹಾದ ಬಣ್ಣ, ಆಚೆಯ ಬೇವಿನ ಮರ ಅದರೊಳಗಿಂದ ಸ್ವಚ್ಛವಾಗಿ ಕಾಣುತ್ತಿತ್ತು.

"ಹೇಳು ತಂಗಿ."

"ಜರಾ... ಸರಿಯಾಗಿ ಕಾಣವಲ್ದುರಿ ಅಕ್ಕಾರ."

"ಕರ್ರಗ ಐತೇನು?"

"ಇಲ್ರಿ."

"ಮತ್ತ? ಗಾಜಿನಂಗ ಐತೇನು?"

ನಾನು ಹೂಂ ಎಂದೆ. ಅವರು ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದರು.

"ಅಂಚಿನ್ಯಾಗ ನೋಡು. ಸಣ್ಣವು ನಂಬರ್ ಅದಾವೇನು?"

ನೋಡಿದೆ. ಅಂಚಿನ ಉದ್ದಕ್ಕೂ ಚಿಕ್ಕ ಅಂಕಿಗಳು ಕಪ್ಪಗೆ, ಸ್ಪಷ್ಟವಾಗಿ ಇದ್ದವು. ಏನೋ ಒಂದು ಇದೆಯಲ್ಲ ಎಂಬ ಸಂತೋಷದಲ್ಲಿ, "ಅದಾವ್ರಿ, ಚಂದ ಕಾಣ್ತಾವ" ಎಂದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ.

ಅವರು ಮೆಲ್ಲಗೆ ಕಟ್ಟೆಯ ಮೇಲೆ ಕೂತರು. "ಹಂಗಾದ್ರ ನನ್ನ ಕಾಫಿ ತಪ್ಪಿಲ್ಲ. ಆ ನಂಬರ್ ಕಾರ್ಖಾನ್ಯಾಗ ಹಾಕಿರ್ತಾರ. ಅವು ಮೂಡ್ಯಾವ ಅಂದ್ರ ತೊಳದದ್ದು ಬರಾಬರಿ ಐತಿ. ಕ್ಯಾಮೆರಾದಾಗ ರೀಲಿನ ತುದಿ ಹಲ್ಲಿಗೆ ಸಿಕ್ಕಿಲ್ಲ. ಅವರು ಬಟನ್ ಒತ್ಯಾರ, ಅದು ಮುಂದಕ ಹೋಗೇ ಇಲ್ಲ."

ನಾನು ಅವರ ಪಕ್ಕ ಕೂತೆ. ಹಸಿ ಫಿಲಮ್ಮು ನಮ್ಮಿಬ್ಬರ ಮಡಿಲ ಮೇಲೆ ಬಿದ್ದಿತ್ತು.

"ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ ರೀಲು ಹಾಕಾಕತ್ತಿದ್ರು. ಮುದಗಲ್ ಬಸ್ ಬಂತು. 'ನಡೀರಿ, ಸೀಟ್ ಹೋಗ್ತಾವ' ಅಂತ ನಾನ ರಟ್ಟಿ ಹಿಡದು ಎಳದೆ. 'ತಡಿಯ, ಒಂದ ನಿಮಿಷ' ಅಂದ್ರು. ನಾ ತಡೀಲಿಲ್ಲ ತಂಗಿ."

ಅಳುತ್ತಾರೆಂದು ನಾನು ಅವರ ಕೈ ಹಿಡಿದುಕೊಂಡೆ. ಅವರು ಅಳಲಿಲ್ಲ. ಫಿಲಮ್ಮಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೇಳತೊಡಗಿದರು. ಇದು ಕೋಟೆಯ ಬಾಗಿಲು, ಅವರು ಹಿಂದಕ್ಕೆ ಹಿಂದಕ್ಕೆ ಸರಿದು ಸೈಕಲ್‌ನವನಿಗೆ ಡಿಕ್ಕಿ ಹೊಡೆದಿದ್ದರು. ಇದು ನಾನು, ಬಿಸಿಲಿಗೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದೆ, ಕೈ ತೆಗಿ ಎಂದು ಬೈದಿದ್ದರು. ಇದು ಗೋಡೆಯ ಮೇಲೆ ಹತ್ತಿದ ಆಡು. ಇದು ಬಾರೆಹಣ್ಣು ಮಾರುವ ಮುದುಕಿ. ಇದು ಕಂದಕದ ನೀರು. ಇದು ಬೆತ್ತ ಹಿಡಿದು ನಿಂತ ಒಬ್ಬ ಅಜ್ಜ, ತಾನೇ ಕರೆದು ತೆಗೆಸಿಕೊಂಡ. ಬೇಟಾ, ಮರೀದ ಒಂದು ಕಾಪಿ ಕಳಸು ಎಂದಿದ್ದ. ಪಾಪ, ಕಾದಿರಬೇಕು.

ನಾನು ಆ ಖಾಲಿ ಫಿಲಮ್ಮನ್ನೇ ನೋಡುತ್ತಿದ್ದೆ. ಅವರು ಕೊನೆಯ ತುದಿ ಮುಟ್ಟಿದಾಗ, "ಇದು ನನಗೂ ಗೊತ್ತಿಲ್ಲ. ಬಸ್ಸಿನ್ಯಾಗ ನಾ ನಿದ್ದಿ ಮಾಡಿದ್ದೆ, ಆವಾಗ ಒಂದು ಹೊಡದ್ರಂತ. ಏನು ಹೊಡದ್ರು ಅಂದ್ರ ಹೇಳಲಿಲ್ಲ. 'ತೊಳದ ಮ್ಯಾಲ ನೋಡ್ತಿಯಲ್ಲ' ಅಂದ್ರು" ಎಂದರು. ಆಗ ಅತ್ತರು. ಅಷ್ಟು ವರ್ಷ ಅವರನ್ನು ಬಲ್ಲೆ, ಅವರು ಅತ್ತದ್ದು ನೋಡಿದ್ದು ಅದೊಂದೇ ಸಲ. ಬಾಯಿಗೆ ಸೆರಗು ಒತ್ತಿಕೊಂಡು, ದನಿ ಹೊರಗೆ ಹೋಗದಂತೆ ಅತ್ತರು.

ಆ ಶೈಕ್ಷಣಿಕ ವರ್ಷ ಮುಗಿದ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಪಾಮನಕಲ್ಲೂರಿಗೆ ತಮ್ಮನ ಮನೆಗೆ ಹೋದರು. ರೀಲು ತೊಳೆಯುವ ಡಬ್ಬಿಯನ್ನು ಯಾರೋ ಆಸಕ್ತಿ ಇದ್ದ ಹುಡುಗಿಗೆ ಕೊಟ್ಟರು. ತಮ್ಮನೂ ಅವನ ಹೆಂಡತಿಯೂ ಅವರನ್ನು ಚೆನ್ನಾಗಿಯೇ ನೋಡಿಕೊಂಡರು. ಪಡಸಾಲೆಯಲ್ಲಿ ಕೂತು ಓಣಿಯ ಮಕ್ಕಳಿಗೆ ಬಾಯಿಯಲ್ಲೇ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು, ಮೊದಲಿನಂತೆಯೇ ಬೈಯುತ್ತಿದ್ದರು. ನಾನು ರಜೆಯಲ್ಲಿ ಹೋಗಿ ಬರುತ್ತಿದ್ದೆ. ಕಾಯಿಲೆ ಎಂದು ದೊಡ್ಡದೇನೂ ಇರಲಿಲ್ಲ. ಊಟ ಕಡಿಮೆಯಾಗುತ್ತ ಬಂತು ಅಷ್ಟೇ.

ಕೊನೆಯ ಸಲ ಹೋದದ್ದು ಈ ಬೇಸಿಗೆಯಲ್ಲಿ. ಮನೆಯವರು ಹೊಲಕ್ಕೆ ಹೋಗಿದ್ದರು. ಒಬ್ಬರೇ ಕೂತಿದ್ದರು, ಸಣ್ಣಗಾಗಿದ್ದರು. ಅದು ಇದು ಮಾತಾಡಿ ನಾನು ಹೊರಡಲು ಎದ್ದಾಗ, "ಇನ್ನೊಂದು ಗಳಿಗಿ ಕೂಡು" ಎಂದರು.

"ತಂಗಿ, ನಮ್ಮ ಮನಿಯವರ ದನಿ ನೆನಪಿಗೆ ಬರ್ತೈತಿ, ನಡಿಗಿ ಸಪ್ಪಳ ಬರ್ತೈತಿ. ಮಾರಿ ಕಣ್ಣಮುಂದ ಬರವಲ್ದು. ಎಷ್ಟು ದಿನ ಆತು, ಬರವಲ್ದು. ಇವರಿಗೆಲ್ಲ ಹೆಂಗ ಹೇಳಲಿ?"

ಗೋಡೆಯ ಮೇಲೆ ಅವರ ಯಜಮಾನರ ಫೋಟೋ ಇತ್ತು, ಹಾರ ಹಾಕಿದ್ದು. ಅದನ್ನು ಇಳಿಸಿಕೊಂಡು ಬಾ ಎಂದರು. ನಾನು ಆ ಮನುಷ್ಯನನ್ನು ಒಮ್ಮೆಯೂ ಕಂಡವಳಲ್ಲ. ಗಾಜು ಒರೆಸಿ ತೊಡೆಯ ಮೇಲಿಟ್ಟುಕೊಂಡೆ.

"ಹೇಳು. ಅದು ಮದಿವಿಗಿಂತ ಮೊದಲಿಂದು, ಸಣ್ಣವರಿದ್ರು. ನೀ ಹೇಳು, ವಯಸ್ಸು ನಾ ಕೂಡಿಸ್ತೀನಿ."

"ಹಣಿ ಅಗಲ ಐತ್ರಿ."

"ಹೌದು. ಕೂದಲ ಹಿಂದಕ ಸರಸು. ಇನ್ನಷ್ಟು ಅಗಲ ಆಗಿತ್ತು."

"ಹುಬ್ಬು ದಪ್ಪ ಅದಾವ, ನಡುವ ಕೂಡ್ಯಾವ."

"ಹಾಂ."

"ಮೂಗು ನೆಟ್ಟಗ. ಕೆಳಗ ಸಣ್ಣ ಮೀಸಿ."

"ಮೀಸಿ ತುದೀಗೆ ಬೆಳ್ಳಗ ಮಾಡು. ಗಲ್ಲ ಜರಾ ತುಂಬು. ಕಣ್ಣು ಹೇಳು."

ಕಣ್ಣನ್ನು ಹೇಗೆ ಹೇಳುವುದು? ಕನ್ನಡ ಪಾಠ ಮಾಡುವವಳು ನಾನು. "ಸಣ್ಣ ಕಣ್ಣುರಿ ಅಕ್ಕಾರ. ನಗಬಾರ್ದು ಅಂತ ತಡಕೊಂಡಂಗ ಅದಾವ. ಎಡಗಣ್ಣು ಜರಾ ಜಾಸ್ತಿ ನಗ್ತೈತಿ" ಎಂದೆ.

ಅವರು ರೆಪ್ಪೆ ಮುಚ್ಚಿದ್ದರು. ನಾನು ತುಟಿಯ ಬಗ್ಗೆ ಹೇಳಲು ಬಾಯಿ ತೆರೆದಾಗ ಕೈ ಎತ್ತಿ ತಡೆದರು.

"ಬಂದ್ರು," ಎಂದರು. "ಸಾಕು ತಂಗಿ. ಈಗ ಮಾತಾಡಬ್ಯಾಡ."

ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಸರಿಮಾಡಿಕೊಂಡು, ನೆಟ್ಟಗೆ ಕೂತರು.